ಕಿವಿಯಲ್ಲಿ ಹೇಳಿದ ಸಿನಿಮಾ

ಚಿತ್ರಮಂದಿರದ ತುಂಬ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಅವನು ಹೆಂಡತಿಯ ಕಡೆ ಬಾಗಿ, "ಯಾರು ಸತ್ರು?" ಎಂದು ಕೇಳಿದ.

ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ. ಸಿನಿಮಾ ಶುರುವಾದಾಗಿನಿಂದ ತೆರೆಯ ಮೇಲಿನದನ್ನೆಲ್ಲ ಅವನ ಕಿವಿಯಲ್ಲಿ ಪಿಸುಗುಡುತ್ತ ಬಂದವಳು ಅವಳೇ. ಯುದ್ಧದಲ್ಲಿ ಅವನ ಎರಡೂ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಮದುವೆಯಾದ ಹೊಸದರಲ್ಲಿ ಸಿನಿಮಾ ಎಂದರೆ ಊಟ ಬಿಡುತ್ತಿದ್ದ ಜೋಡಿ, ಈಗ ಒಬ್ಬರು ನೋಡಿ ಒಬ್ಬರು ಕೇಳುವುದನ್ನು ರೂಢಿ ಮಾಡಿಕೊಂಡಿತ್ತು. ಈ ಸಿನಿಮಾಕ್ಕೆ ಟಿಕೆಟ್ ತಂದುಕೊಟ್ಟವನು ಅವಳ ತಮ್ಮ. ಅಂತರಿಕ್ಷ ನೌಕೆ, ಬೇರೆ ಗ್ರಹ, ಸದ್ದೇ ಮುಕ್ಕಾಲು ಸಿನಿಮಾ, ಭಾವನಿಗೇನೂ ನಷ್ಟವಿಲ್ಲ ಎಂದು ಹೇಳಿ ಕಳಿಸಿದ್ದ.

ಕಥೆ ಸರಳವಾಗಿತ್ತು. ಮನುಷ್ಯರು ದೂರದ ಗ್ರಹವೊಂದಕ್ಕೆ ಹೋಗುತ್ತಾರೆ. ಅಲ್ಲಿಯ ನೆಲದಡಿ ನೀಲಿ ಕಲ್ಲಿದೆ. ಒಂದು ಹಿಡಿ ಸಿಕ್ಕರೆ ಊರಿಗೆ ಊರೇ ಬೆಳಗುವಂಥದ್ದು. ನೆಲದ ಮೇಲೆ ಜನರಿದ್ದಾರೆ; ಬೂದು ಮೈಯವರು, ಉದ್ದ ಕತ್ತಿನವರು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುವವರು. ಹೋದವರು ಮೊದಲು ಆ ಮಕ್ಕಳಿಗೆ ಔಷಧಿ ಹಂಚಿದರು. ಅವಳು ಅಷ್ಟು ಹೇಳಿದ್ದೇ ತಡ, ಅವನು ಮೂಗಿನಲ್ಲೇ ನಕ್ಕ.

"ಔಷಧಿ ಆಯ್ತಲ್ಲ, ಇನ್ನು ಬೇಲಿ ಬರುತ್ತೆ ನೋಡು."

ಬಂತು. ತೆರೆಯ ಈ ತುದಿಯಿಂದ ಆ ತುದಿಗೆ ಕಂಬಗಳು ಎದ್ದವು. ನಿಮಗೆ ಹೇಗೆ ಗೊತ್ತಾಯಿತು ಎಂದು ಅವಳು ಮೆಚ್ಚುಗೆಯಿಂದಲೇ ಕೇಳಿದಳು.

"ನಾನೇ ಹಾಕಿದ್ದೀನಲ್ಲ," ಅಂದ.

ಆಮೇಲೆ ನೌಕೆಗಳ ಮೊರೆತದ ನಡುವೆ, ಬೇರೆ ಯಾರದೋ ಸುದ್ದಿ ಹೇಳುವವನಂತೆ, ಅದನ್ನೂ ಹೇಳಿದ. ಅವನ ತುಕಡಿಯನ್ನು ಕಳಿಸಿದ್ದು ಗಡಿಗಲ್ಲ, ಗಡಿಯಾಚೆಯ ಒಂದು ಗುಡ್ಡಕ್ಕೆ. ಗುಡ್ಡದೊಳಗೆ ಎಂಥದೋ ಅದಿರಿತ್ತು, ಮೇಲೆ ಜನರಿದ್ದರು. ಇವರು ಬೇಲಿ ಹಾಕುತ್ತ ಹೋದರು, ಹಿಂದಿನಿಂದ ಬಂದ ತುಕಡಿ ಮನೆಗಳಿಗೆ ಬೆಂಕಿ ಇಡುತ್ತ ಬಂತು. ಕಂಬ ನೆಡಲು ತೋಡುತ್ತಿದ್ದಾಗ ನೆಲ ಸಿಡಿಯಿತು. ಅವನು ಕಣ್ಣಾರೆ ಕಂಡ ಕೊನೆಯದು, ಮನೆಗಳ ಮೇಲೆದ್ದ ಹೊಗೆ.

ಅವಳು, ತಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬಂದವರು ಗಂಡನ ಬಗ್ಗೆ ವಿಚಾರಿಸಿದಾಗೆಲ್ಲ, ಗಡಿ ಕಾಯುವಾಗ ಹೀಗಾಯಿತು ಎಂದು ತಲೆಯೆತ್ತಿ ಹೇಳುತ್ತಿದ್ದಳು. ಅದು ಗಡಿಯಲ್ಲ, ಇನ್ನೊಬ್ಬರ ಅಂಗಳ. ಕಳಿಸಿದವರ ಮೇಲೆ ಸಿಟ್ಟು ಬಂತು. ಪಕ್ಕದಲ್ಲಿ ಕೂತವನ ಮೇಲೂ ಬಂತು. ತೆರೆಯ ಮೇಲೆ ಬೂದು ಮೈಯವರ ಊರು ಹೊತ್ತಿಕೊಂಡದ್ದು, ಈ ಚಪ್ಪಾಳೆ ಎದ್ದದ್ದು ಆಗಲೇ.

"ಹೇಳೇ, ಯಾರು ಸತ್ರು?" ಅವನು ಮತ್ತೆ ಕೇಳಿದ.

"ಕಲ್ಲು ಯಾರದಾಗಿತ್ತೋ ಅವರು."

ಅವಳ ದನಿ ಏರಿತ್ತು. ಶಿಳ್ಳೆ ಹಾಕಿದ ಗಂಡಸು ಹಿಂದಿನಿಂದ ಬಾಗಿ, ಕಥೆ ಹೇಳುವುದಿದ್ದರೆ ಮನೆಯಲ್ಲಿ ಕೂತು ಹೇಳಿಕೊಳ್ಳಿ, ದುಡ್ಡು ಕೊಟ್ಟು ಬಂದವರ ತಲೆ ತಿನ್ನಬೇಡಿ ಎಂದು ಗದರಿದ. ಅಷ್ಟರಲ್ಲಿ ಮಧ್ಯಂತರದ ದೀಪ ಹತ್ತಿತು. ಇವರಿಗೆ ಕಣ್ಣಿಲ್ಲ, ಯುದ್ಧದಲ್ಲಿ ಹೋದವು ಎಂದು ಅವಳು ಅವನ ಮುಖಕ್ಕೇ ಹೇಳಿದಳು. ಗಂಡಸಿನ ಚಹರೆಯೇ ಬದಲಾಯಿತು. ಸಾಲು ಬಳಸಿ ಬಂದು, ಗೊತ್ತಾಗಲಿಲ್ಲ ಸರ್, ತಪ್ಪಾಯಿತು ಎನ್ನುತ್ತ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಿಮ್ಮಂಥವರು ಅಲ್ಲಿ ನಿಂತದ್ದಕ್ಕೇ ನಾವಿಲ್ಲಿ ಹಾಯಾಗಿದ್ದೇವೆ ಎಂದ. ಆ ಗಂಡಸಿನ ಕಣ್ಣಲ್ಲಿ ನಿಜಕ್ಕೂ ನೀರಾಡಿತು.

"ಅದಿರಲಿ," ಅಂದಳು ಅವಳು. "ಈಗ ಶಿಳ್ಳೆ ಹಾಕಿದ್ರಲ್ಲ, ಯಾರಿಗೆ ಹಾಕಿದ್ರಿ?"

"ಅಯ್ಯೋ ಮೇಡಂ, ಸುಮ್ನೆ ಸಿನಿಮಾ ಅಲ್ವಾ. ಅವು ಮನುಷ್ಯರೂ ಅಲ್ಲ."

"ನಮಗೂ ಹಾಗೇ ಹೇಳಿ ಕಳ್ಸಿದ್ರು," ಅಂದ ಗಂಡ.

ಹಿಡಿದ ಕೈಯನ್ನು ಅವನು ತಕ್ಷಣ ಬಿಡಲಿಲ್ಲ. ಗಂಡಸು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಹೆಂಡತಿ ಮಕ್ಕಳನ್ನು ಎಬ್ಬಿಸಿ, ದೂರದ ಖಾಲಿ ಸೀಟುಗಳಿಗೆ ಹೋದ.

ಇಷ್ಟು ದಿನ ನನ್ನ ಹತ್ತಿರ ಯಾಕೆ ಮುಚ್ಚಿಟ್ಟಿರಿ ಎಂದು ಅವಳು ಹಲ್ಲು ಕಚ್ಚಿ ಕೇಳಿದಳು. ನೀನು ಕೇಳಿದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ, ಉಳಿದಿದ್ದ ಅದೊಂದನ್ನೂ ನಿನ್ನಿಂದ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ ಎಂದ ಅವನು. ಅವಳು ಚೀಲ ಹೆಗಲಿಗೇರಿಸಿ ಎದ್ದಳು. ಸೀಟು ಮಡಚಿಕೊಂಡ ಸದ್ದಿಗೆ ಅವನು ಮುಖ ಮೇಲೆತ್ತಿದ.

"ಹೋಗೋಣ ಅಂದ್ರೆ ಹೋಗೋಣ. ಆದ್ರೆ ಹೊಗೆ ಎದ್ದ ಮೇಲೆ ಏನಾಯ್ತು ಅಂತ ನಾನು ನೋಡೇ ಇಲ್ಲ."

ಅವಳು ನಿಂತೇ ಇದ್ದಳು. ದೀಪಗಳು ಆರಿದವು. ಕೂತುಕೊಳ್ಳಿ ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಕೂತಳು, ಆದರೆ ಅವನ ಕಿವಿಯ ಕಡೆಗೆ ಬಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ತೆರೆಯನ್ನೇ ದಿಟ್ಟಿಸುತ್ತ, ಕೊನೆಯ ಸಾಲಿಗೂ ಕೇಳುವಂತೆ ಹೇಳತೊಡಗಿದಳು.

"ಬೂದಿ ಇನ್ನೂ ಆರಿಲ್ಲ. ಆಗಲೇ ಅಗೀತಿದ್ದಾರೆ."