ನೀರು ಬಿಡುವ ಜಾಗ

ಹೋದ ಮಳೆಗಾಲದಲ್ಲಿ ಸುಲೋಚನಮ್ಮನವರ ನೆಲಮಾಳಿಗೆಗೆ ನೀರು ನುಗ್ಗಿ, ಲಗ್ನಪತ್ರಿಕೆ ಅಚ್ಚು ಹಾಕುವ ಯಂತ್ರ ಮೂರು ದಿನ ಮುಳುಗಿತ್ತು. ಆಮೇಲೆ ಮೋಡ ಕಂಡರೆ ಸಾಕು, ಅವರು ನೆಲಮಾಳಿಗೆಗೆ ಇಳಿದು ನೋಡಿ ಬರುತ್ತಿದ್ದರು. ಈ ಸಲ ಮಳೆಗೆ ಮೊದಲೇ ಪಂಪ್ ಕೂರಿಸಲು ಪ್ಲಂಬರ್ ಈರಯ್ಯನನ್ನು ಕರೆಸಿದರು.

ಈರಯ್ಯ ಮೂಲೆಯಲ್ಲಿ ಗುಂಡಿ ತೋಡಿ ಪಂಪ್ ಇಳಿಸಿದ.

"ನೀರು ಎಲ್ಲಿಗೆ ಬಿಡ್ಲಿ ಮೇಡಂ? ರಸ್ತೆ ಮೋರಿಗೆ ಬಿಡ್ಲಾ?"

"ಮೋರಿ ತುಂಬಿದ್ರೆ ವಾಪಸ್ ಇಲ್ಲಿಗೇ ಬರುತ್ತೆ. ಹಿಂದಿನ ಗೋಡೆ ಕೊರೆದು ಆಚೆ ಬಿಡು."

"ಆಚೆ ತಗ್ಗಲ್ಲಿ ಮನೆಗಳಿವೆ."

"ಗೊತ್ತಪ್ಪ. ಇನ್ನೊಂದ್ಸಲ ಮುಳುಗಿದ್ರೆ ಈ ಪ್ರೆಸ್ಸು ಏಳಲ್ಲ. ನೀನು ಮಾಡಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ."

ಈರಯ್ಯ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ. ಆಮೇಲೆ ಡ್ರಿಲ್ ಎತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಗೋಡೆಯಾಚೆಗೆ ಪೈಪ್ ಹಾಯಿಸಿ, ಗುಂಡಿಗೆ ನೀರು ತುಂಬಿಸಿ ಪಂಪ್ ಚಾಲೂ ಮಾಡಿದ. ಎರಡೇ ನಿಮಿಷದಲ್ಲಿ ಗುಂಡಿ ಬರಿದಾಯಿತು. ಸುಲೋಚನಮ್ಮ ನೆಮ್ಮದಿಯ ಉಸಿರು ಬಿಟ್ಟರು. ಅಷ್ಟರಲ್ಲಿ ಗೋಡೆಯಾಚೆಯಿಂದ ಹೆಂಗಸೊಬ್ಬಳು ಕಿರುಚಿದಳು, "ಯಾರ್ರೀ ಅದು! ಒಲೆ ಮುಂದೆಲ್ಲಾ ನೀರು ಬಂತು!"

"ಯಾರದು?" ಸುಲೋಚನಮ್ಮ ಕೇಳಿದರು.

ಈರಯ್ಯ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಿದ್ದ.

"ನಮ್ಮನೆಯವಳು, ಮೇಡಂ."