ಕಣ್ಣಿಗೆ ಕಂಡ ಕೊನೆಯ ಸಾಲು

ಇಂದಿಗೂ ಕಣ್ಣಿನ ದವಾಖಾನೆಯ ಸ್ಪಿರಿಟ್ ವಾಸನೆಗೆ ನನ್ನ ಸಿಟ್ಟು ನೆತ್ತಿಗೇರುತ್ತದೆ.

ಆರು ವರ್ಷದ ನನಗೆ ತಲೆನೋವೆಂದು ಅಮ್ಮ ಮುಂಬಯಿಯ ದಾದರಿನಲ್ಲಿದ್ದ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದಿದ್ದಳು. ಗೋಡೆಯ ಇಂಗ್ಲಿಷ್ ಅಕ್ಷರ ಓದೆಂದರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಮಗಿನ್ನೂ ಎಬಿಸಿಡಿ ಕಲಿಸಿರಲಿಲ್ಲ. ಸುಮ್ಮನೆ ಕೂತೆ.

"ನಜರ್ ಬಹುತ್ ವೀಕ್ ಹೈ," ಎಂದು ಡಾಕ್ಟರು ದಪ್ಪ ಕನ್ನಡಕಕ್ಕೆ ಚೀಟಿ ಬರೆಯತೊಡಗಿದರು.

ಮೀನಿನವಳೊಡನೆ ಚೌಕಾಸಿಯಲ್ಲೂ ಸೋಲದ ಅಮ್ಮ, "ರುಕೋ ಡಾಕ್ಟರ್ ಸಾಬ್," ಎಂದು ಅವರ ಪೆನ್ನನ್ನೇ ತೆಗೆದು ನನಗೆ ಕೊಟ್ಟಳು. "ಅಕ್ಷರದ ಹೆಸ್ರು ಗೊತ್ತಿಲ್ಲದಿದ್ರೆ ಬೇಡ ಮಗಾ, ಕಂಡದ್ದನ್ನ ಹಾಗೇ ಬರಿ."

ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೆಲ್ಲ ಚಿತ್ರದಂತೆ ಬರೆದುಕೊಟ್ಟೆ. ಪುಟ್ಟ ಮಕ್ಕಳನ್ನು ಕರೆದೊಯ್ಯುವವರೇ, ನೀವೂ ಹಾಗೆ ಬರೆಸಿ ನೋಡಿ.

ಡಾಕ್ಟರು ಚೀಟಿ ಹರಿದರು. ತಪ್ಪಾಯಿತು ಎನ್ನಲಿಲ್ಲ.

"ಆಂಖ್ ಠೀಕ್ ಹೈ," ಎಂದರು ಅಮ್ಮನಿಗೆ. "ಸ್ಕೂಲ್ ಬದಲ್ ದೋ."