ತವರಿನ ಸೀರೆ

ಕಾರಿನ ಮುಂದಿನ ಚಕ್ರ ಕೆರೆಯಂಗಳದ ಕೆಸರಿನಲ್ಲಿ ಅರ್ಧ ಹೂತುಹೋಗಿತ್ತು. ತಂಗಿಯ ಹೆಣಕ್ಕೆ ಹೊದಿಸಬೇಕಾದ ತವರಿನ ಸೀರೆಯನ್ನು ಎದೆಗವಚಿಕೊಂಡು ಬೊಮ್ಮಣ್ಣ ಪಕ್ಕದಲ್ಲಿ ನಿಂತಿದ್ದ. ಹೊತ್ತು ಮುಳುಗುವುದರೊಳಗೆ ಕೊಡಿಗೇನಹಳ್ಳಿ ಸೇರಬೇಕಿತ್ತು.

“ಮಧುಗಿರಿ ಮೇಲೆ ಹೋಗಪ್ಪ ಅಂತ ಬಡ್ಕೊಂಡೆ. ದಾರಿಗಡ್ಡ ಜಾಲಿಮುಳ್ಳು ಎಳೆದವ್ರೆ ಅಂದ್ರೆ ಜನ ಸುಮ್ನೆ ಎಳೆದಿರ್ತಾರಾ?”

“ಮ್ಯಾಪಲ್ಲಿ ರೋಡ್ ಐತಲ್ಲ ಯಜಮಾನ್ರೇ. ಹತ್ತು ಕಿಲೋಮೀಟರ್ ಉಳೀತದೆ ಅಂತ ತೋರಿಸ್ತು,” ಎಂದ ಬಾಡಿಗೆ ಕಾರಿನ ದೇವರಾಜು, ಆ ಮುಳ್ಳು ಸರಿಸುವಾಗ ಅಂಗೈಗೆ ನೆಟ್ಟಿದ್ದನ್ನು ಕೀಳುತ್ತ.

“ಉಳಿಸ್ಕೊ ಈಗ.”

ಅಷ್ಟರಲ್ಲಿ ತಂಗಿಯ ಮಗನ ಫೋನು ಬಂತು. “ಮಾವ, ಕಾದು ಕಾದು ಸಾಕಾಯ್ತು. ಕತ್ಲಾಯ್ತದೆ ಅಂತ ದೊಡ್ಡೋರು ಒಪ್ಲಿಲ್ಲ. ಉಟ್ಟಿದ್ದ ಸೀರೇಲೇ ಅವ್ವನ್ನ ಮಣ್ಣು ಮಾಡ್ಬುಟ್ವಿ.”

ದೇವರಾಜು ಚಕ್ರದಡಿ ಬಗ್ಗಿ ನೋಡುತ್ತಿದ್ದ. “ಗೋಣಿಚೀಲನೋ ಹಳೇ ಬಟ್ಟೆನೋ ಏನಾರ ಇದ್ದಿದ್ರೆ ಅಡೀಗಾಕಿ ಎತ್ಬೋದಿತ್ತು.”

ಬೊಮ್ಮಣ್ಣ ಸೀರೆಯ ಮಡಿಕೆ ಬಿಚ್ಚಿದ. ಬೆಳಿಗ್ಗೆ ಹೆಂಡತಿ ಸೆರಗಿನ ಮೂಲೆಗೆ ಹಚ್ಚಿದ್ದ ಅರಿಶಿನ ಇನ್ನೂ ಮಾಸಿರಲಿಲ್ಲ. ಅವನು ಮೊಣಕಾಲೂರಿ, ಸುಕ್ಕಾಗದಂತೆ ಅದನ್ನು ಚಕ್ರದ ಮುಂದೆ ಕೆಸರಿನ ಮೇಲೆ ಹಾಸಿದ.

“ಹತ್ತಿಸಪ್ಪ,” ಎಂದ.